ಈರಪ್ಪನ ಬಳೆಗಾಡಿ ನ್ಯೂಟ್ರಲ್‌ಗೆ ಬಂದದ್ದು

ಬೈಕಿನ ಕ್ಲಚ್ ಕೇಬಲ್ಲಿನ ರಬ್ಬರ್ ಟೋಪಿ ಸರಿಸಿದಾಗ ಅರಿಶಿನದ ವಾಸನೆ ಮೊದಲು ಮೂಗಿಗೆ ಬಡಿಯಿತೋ, ಹಳದಿ ಬಣ್ಣ ಮೊದಲು ಕಣ್ಣಿಗೆ ಬಿತ್ತೋ, ಈಗ ಖಚಿತವಾಗಿ ಹೇಳಲಾರೆ. ಈ ಪ್ರಸಂಗವನ್ನು ಹತ್ತಾರು ಜನರಿಗೆ ಹೇಳಿದ್ದೇನೆ. ನಡೆದದ್ದೆಷ್ಟು, ಹೇಳುತ್ತ ಸೇರಿಸಿದ್ದೆಷ್ಟು ಎಂಬ ಗುಮಾನಿ ನನಗೇ ಇದೆ.

ಆರೇಳು ವರ್ಷಗಳ ಹಿಂದಿನ ಮಾತು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಎರಡು ಕಾರ್ಖಾನೆಗಳಲ್ಲಿ ನಿಲ್ಲಲಾಗದೆ, ಬೈಲಹೊಂಗಲದಲ್ಲಿ ಬೈಕ್ ರಿಪೇರಿ ಅಂಗಡಿ ತೆರೆದಿದ್ದೆ. ಒಂದು ಬೆಳಿಗ್ಗೆ ಉಗರಗೋಳದ ಬಳೆಗಾರ ಈರಪ್ಪ ಬೈಕನ್ನು ತಳ್ಳಿಕೊಂಡೇ ಒಳಗೆ ಬಂದ. ಹಿಂದಿನ ಕ್ಯಾರಿಯರಿನಲ್ಲಿ ಗಾಜಿನ ಬಳೆಗಳ ಪೆಟ್ಟಿಗೆ ಇತ್ತು.

“ಸರ್, ನಿಲ್ಲಿಸಿದ್ರ ನಿಂದ್ರಂಗಿಲ್ಲರಿ. ನ್ಯೂಟ್ರಲ್ಲಿಗೆ ಬರೂದಿಲ್ಲ, ಮೈಯಾಗ ದೇವರು ಬಂದಂಗ ಮುಂದ ಜಿಗೀತೈತಿ. ಪೆಟಿಗ್ಯಾಗ ಬಳಿ ಒಡದ್ರ ಹೆಣ್ಮಕ್ಳು ಅಪಶಕುನ ಅಂತ ಬಾಗಲಾ ಹಾಕ್ಕೋತಾರ.”

ಅದಕ್ಕೆ ಮೊದಲೇ ಒಬ್ಬ ಮೆಕ್ಯಾನಿಕ್ ಕ್ಲಚ್ ಪ್ಲೇಟ್ ಬದಲಿಸಿದ್ದ. ಇನ್ನೊಬ್ಬ ಗೇರ್‌ಬಾಕ್ಸ್ ಬಿಚ್ಚಬೇಕೆಂದಿದ್ದ. ನನ್ನಲ್ಲೂ ಸರಿಹೋಗದಿದ್ದರೆ ಗಾಡಿ ಮಾರಿ, ಊರೂರು ತಿರುಗುವುದನ್ನೇ ಬಿಡುವುದೆಂದು ಈರಪ್ಪ ನಿಶ್ಚಯಿಸಿದ್ದ.

ಎಂಜಿನ್ ಬಂದ್ ಇದ್ದಾಗ ನ್ಯೂಟ್ರಲ್ ಸಲೀಸಾಗಿ ಬೀಳುತ್ತಿತ್ತು. ಚಾಲೂ ಇದ್ದಾಗ ಒಲ್ಲೆನ್ನುತ್ತಿತ್ತು. ಹಾಗಾದರೆ ಗೇರ್‌ಬಾಕ್ಸ್ ನಿರ್ದೋಷಿ. ಕ್ಲಚ್ ಹಿಡಿದರೂ ಚಕ್ರಕ್ಕೆ ಹೋಗುವ ಎಂಜಿನ್ನಿನ ಎಳೆತ ಪೂರ್ತಿ ಕಡಿದುಹೋಗುತ್ತಿಲ್ಲ ಎಂದರ್ಥ. ನಮ್ಮ ಭಾಷೆಯಲ್ಲಿ ಇದು ‘ಕ್ಲಚ್ ಡ್ರ್ಯಾಗ್’. ಆದರೆ ಪ್ಲೇಟುಗಳು ಹೊಸವು, ಎಣ್ಣೆಯೂ ಸರಿಯಿತ್ತು. ನನಗೆ ಊಹೆಗಿಂತ ಅಳತೆ ವಾಸಿ. ಅದೇ ಮಾದರಿಯ ಇನ್ನೊಂದು ಬೈಕನ್ನು ಪಕ್ಕಕ್ಕೆ ನಿಲ್ಲಿಸಿ, ಹ್ಯಾಂಡಲಿನ ಕ್ಲಚ್ ಲಿವರ್ ಪೂರ್ತಿ ಹಿಡಿದಾಗ ಎಂಜಿನ್ ಬಳಿಯ ಕ್ಲಚ್ ತೋಳು ಎಷ್ಟು ಸರಿಯುತ್ತದೆಂದು ಸ್ಕೇಲ್ ಇಟ್ಟು ನೋಡಿದೆ. ಅದರಲ್ಲಿ ಹತ್ತು ಮಿಲಿಮೀಟರ್, ಈರಪ್ಪನದರಲ್ಲಿ ಆರು. ಉಳಿದ ನಾಲ್ಕು ದಾರಿಯಲ್ಲೇ ಕಳೆದುಹೋಗುತ್ತಿತ್ತು.

ಲಿವರ್ ಬುಡದ ರಬ್ಬರ್ ಟೋಪಿ ಸರಿಸಿದ್ದು ಆಗಲೇ. ಕೇಬಲ್ಲಿನ ಹೊರಕವಚ ಕೂರಬೇಕಾದ ಬಟ್ಟಲಿನಲ್ಲಿ ಹಳದಿ ಮೆತ್ತೆ ಗಟ್ಟಿಯಾಗಿ ತುಂಬಿತ್ತು. ಕವಚ ತನ್ನ ಜಾಗದಲ್ಲಿ ಕೂರದೆ, ಲಿವರ್ ಹಿಡಿದಾಗಲೆಲ್ಲ ತಾನೇ ಸರಿದು ಆ ನಾಲ್ಕು ಮಿಲಿಮೀಟರ್ ನುಂಗುತ್ತಿತ್ತು. ಇದೇನೆಂದು ಕೇಳಿದೆ.

ಈರಪ್ಪ ಸಂಕೋಚವಿಲ್ಲದೆ ಹೇಳಿದ. ಪ್ರತಿ ಮಂಗಳವಾರ ಯಲ್ಲಮ್ಮನ ಗುಡ್ಡದ ಭಂಡಾರ, ಅಂದರೆ ಪ್ರಸಾದದ ಅರಿಶಿನಪುಡಿ, ತಂದು ಗಾಡಿಗೆ ಹಚ್ಚುತ್ತಿದ್ದ. ಗಾಳಿಗೆ ಹಾರದಿರಲೆಂದು ಕೊಬ್ಬರಿಎಣ್ಣೆಯಲ್ಲಿ ಕಲಸುತ್ತಿದ್ದ. ತಾನು ಹಿಡಿಯುವ ಜಾಗವೆಂದು ಕ್ಲಚ್ಚಿಗೇ ಹೆಚ್ಚು. ಗಾಡಿ ಹಟ ಹಿಡಿದ ಮೇಲೆ ಶುಕ್ರವಾರವೂ ಶುರುಮಾಡಿದ್ದ.

ಬಟ್ಟಲು ಕೆರೆದು, ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಕೇಬಲ್ ಹಾಕಿ ಅಳೆದೆ. ಹತ್ತು. ಎಂಜಿನ್ ಚಾಲೂ ಮಾಡಿ ಗೇರಿನ ಮೇಲೆ ಕಾಲಿನ ಹೆಬ್ಬೆರಳು ತಾಗಿಸಿದ್ದೇ ತಡ, ನ್ಯೂಟ್ರಲ್ಲಿನ ಹಸಿರು ದೀಪ ಹೊತ್ತಿಕೊಂಡಿತು. ಆ ದಿನ ನನ್ನ ಎದೆ ಒಂದು ಅಂಗುಲ ಉಬ್ಬಿದ್ದು ನಿಜ. ಇದಕ್ಕೆ ಸಾಕ್ಷಿ ಬೇಕಿಲ್ಲ.

“ಭಂಡಾರ ಬಿಡಬ್ಯಾಡ್ರಿ. ಹೆಡ್‌ಲೈಟಿನ ಮ್ಯಾಲ ಹಚ್ರಿ,” ಎಂದೆ.

“ಅಂದ್ರ ಕೈಗೆ ಬ್ಯಾಡ, ಹಣಿಗೆ ಹಚ್ಚು ಅಂತೀರಿ. ಇಷ್ಟು ಹೇಳಾಕ ಎಂಜಿನಿಯರಿಂಗ ಕಲ್ತಿರೇನ್ರಿ ನೀವು?” ಎಂದು ನಕ್ಕ ಈರಪ್ಪ.

ಯಂತ್ರದ ಕಾಯಿಲೆ ಕೇಳುವವನು ಅದರ ಧಣಿಯ ವಾರದ ದಿನಚರಿಯನ್ನೂ ಕೇಳಬೇಕು. ಕಾಲೇಜು ನನಗೆ ಅಳೆಯುವುದನ್ನು ಕಲಿಸಿತ್ತು, ಇದನ್ನು ಅಂಗಡಿ ಕಲಿಸಿತು.

ಈರಪ್ಪ ಮತ್ತೆ ಬರಲಿಲ್ಲ. ಗಾಡಿ ಸರಿಯಿದ್ದರೂ ಗಿರಾಕಿ ಬರುವುದಿಲ್ಲ, ಮಾರಿಬಿಟ್ಟರೂ ಬರುವುದಿಲ್ಲ. ನಾಲ್ಕೈದು ತಿಂಗಳು ಈ ಅನುಮಾನ ತಡೆದುಕೊಂಡು, ಕೊನೆಗೆ ಉಗರಗೋಳಕ್ಕೇ ಹೋದೆ. ಈರಪ್ಪ ಒಂದು ಮನೆಯ ಕಟ್ಟೆಗೆ ಬೈಕ್ ಒರಗಿಸಿಕೊಂಡು, ಇಳಿಯದೆಯೇ, ಒಬ್ಬ ಮುದುಕಿಯ ಕೈಗೆ ಹಸಿರು ಬಳೆ ಏರಿಸುತ್ತಿದ್ದ. ಎಂಜಿನ್ ಚಾಲೂ ಇತ್ತು. ಕ್ಲಚ್ಚಿನ ಮೇಲೆ ಯಾರ ಕೈಯೂ ಇರಲಿಲ್ಲ, ಆದರೂ ಗಾಡಿ ನಿಂತಲ್ಲೇ ನಿಂತಿತ್ತು.