ಅರ್ಧಚಂದ್ರದ ಚುಕ್ಕೆಗಳು

ಮೇಸ್ತ್ರಿ ತೀರಿಕೊಳ್ಳುವುದಕ್ಕೆ ಹನ್ನೊಂದು ದಿನ ಮುಂಚೆ, ಬೆಳಿಗ್ಗೆ ಹತ್ತರ ಹೊತ್ತಿಗೆ, ಅವನ ಗೆಳೆಯ, ಲೋಹ ಕಡೆಯುವ ಲೇತ್‌ನವನು, ಮೇಸ್ತ್ರಿಯ ಅಡುಗೆಮನೆಯ ಓವನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಒಳಗೆ ಕಾದು ಹಿಗ್ಗುತ್ತಿದ್ದುದು ಹಳೆಯ ಮೋಟಾರ್‌ಸೈಕಲ್ಲಿನ ಇಂಜಿನ್ ಕೇಸಿನ ಎಡಭಾಗ. ಮನೆಯೆಲ್ಲ ಆಯಿಲ್ ವಾಸನೆ ಎಂದು ಮೇಸ್ತ್ರಿಯ ಹೆಂಡತಿ ಗೊಣಗುತ್ತ ಕಿಟಕಿ ತೆರೆದಳು. ಆದರೆ ಫ್ರಿಜ್ಜಿನ ಮೇಲಿನ ಖಾನೆ ಖಾಲಿ ಮಾಡಿ ಹೊಸ ಬೇರಿಂಗನ್ನು ತಣ್ಣಗಾಗಿ ಕುಗ್ಗಲು ಇಟ್ಟವಳೂ ಅವಳೇ.

ನಲವತ್ತೆರಡು ವರ್ಷ ಮೇಸ್ತ್ರಿ ಕಂಡವರ ಇಂಜಿನ್ನುಗಳನ್ನು ಬಿಚ್ಚಿ ಕಟ್ಟಿದ. ಹೇಳಿದ ದಿನಕ್ಕೆ ಒಂದನ್ನೂ ಕೊಟ್ಟವನಲ್ಲ. ಬೀದಿಯಲ್ಲಿ ಅವನಿಗೆ ‘ನಾಳೆ ಮೇಸ್ತ್ರಿ’ ಎಂದೇ ಹೆಸರು. ಬೇರಿಂಗ್ ಕೂರುವ ಕುಳಿ ಸಡಿಲಾದಾಗ ಅದರ ಗೋಡೆಗೆ ಪಂಚ್ ಎಂಬ ಮೊನಚು ಉಳಿಯಿಂದ ಚುಕ್ಕೆ ಹೊಡೆದು, ಎದ್ದ ಮುಳ್ಳುಗಳ ಆಸರೆಯಲ್ಲಿ ಬೇರಿಂಗ್ ಕೂರಿಸುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಅಂಥ ಇಂಜಿನ್ ತಂದವರಿಗೆ, ಇದಕ್ಕೆ ಸಿಡುಬು ಎದ್ದಿದೆ, ನನ್ನ ಹತ್ತಿರ ಅಲ್ಲ, ಆಸ್ಪತ್ರೆಗೆ ಹೊತ್ತುಕೊಂಡು ಹೋಗಿ ಎಂದು ವಾಪಸ್ ಕಳಿಸುತ್ತಿದ್ದ.

ಅವನಿಗೆ ತನ್ನದೆಂದು ಒಂದು ಗಾಡಿ ಇರಲಿಲ್ಲ. ಕೆಲಸ ಕಲಿಯುವಾಗ ಕಣ್ಣಿಟ್ಟಿದ್ದ ಮಾದರಿಯದೊಂದು ಹೋದ ವರ್ಷ ಗುಜರಿಯಲ್ಲಿ ಸಿಕ್ಕಿತು. ಅದನ್ನು ಬಿಚ್ಚಿ ಕಟ್ಟುವ ಕೆಲಸ ಅರ್ಧವಾಗುವಷ್ಟರಲ್ಲಿ ಶ್ವಾಸಕೋಶ ಕೈಕೊಟ್ಟಿತು. ಇನ್ನು ಕೆಲವು ವಾರ ಎಂದು ಡಾಕ್ಟರು ಹೇಳಿದ ಮೇಲೆ ಅವನು ಬಯಸಿದ್ದು ಒಂದನ್ನೇ: ಆ ಗಾಡಿಯ ಸದ್ದನ್ನು ಒಮ್ಮೆ ಕೇಳಬೇಕು.

ಬಲಭಾಗದ ಬೇರಿಂಗ್ ಹಿಂದಿನ ದಿನವೇ ಚೆನ್ನಾಗಿ ಕೂತಿತ್ತು. ತೊಂದರೆ ಎಡಭಾಗದ್ದು. ಹಳೆಯ ಬೇರಿಂಗ್ ತೆಗೆದಾಗ ಕುಳಿಯ ಸುತ್ತ ಚುಕ್ಕೆಗಳಿದ್ದವು, ಒಂದೊಂದೂ ಅರ್ಧಚಂದ್ರದ ಹಾಗೆ. ಮೂತಿ ಮುರಿದ ಪಂಚ್‌ನ ಗುರುತು ಅದು. ಮೇಸ್ತ್ರಿ ಒಂದೊಂದರ ಮೇಲೂ ಬೆರಳಾಡಿಸಿ ಹೇಳಿದ, “ನಂದೇ ಕಣೋ.” ಇಪ್ಪತ್ತನೇ ವಯಸ್ಸಿನಲ್ಲಿ, ಈ ಗಾಡಿಯ ಆಗಿನ ಮಾಲೀಕ ಬಾಗಿಲಲ್ಲೇ ನಿಂತು ಅವಸರ ಮಾಡಿದ್ದಕ್ಕೆ, ತನ್ನ ಆ ಮುರುಕು ಪಂಚ್‌ನಿಂದ ಹೊಡೆದುಕೊಟ್ಟಿದ್ದ. ಮುಳ್ಳುಗಳು ಸವೆದು, ಬೇರಿಂಗ್ ಕುಳಿಯೊಳಗೇ ಸುತ್ತಿ ಸುತ್ತಿ ಗೋಡೆಯನ್ನು ತಿಂದುಹಾಕಿತ್ತು. ಒಳಗೆ ಬುಶ್, ಅಂದರೆ ಲೋಹದ ಬಳೆ, ಹಾಕೋಣವೆಂದರೆ ಅದನ್ನು ಹೊರುವಷ್ಟು ದಪ್ಪ ಗೋಡೆಗೆ ಉಳಿದಿರಲಿಲ್ಲ. ಬೇರೆ ಕೇಸಿಗೆ ಲೇತ್‌ನವನು ಹುಡುಕದ ಗುಜರಿಯಿರಲಿಲ್ಲ.

ಆದರೂ ನೋಡೋಣ ಎಂದದ್ದು ಮೇಸ್ತ್ರಿಯೇ. ಓವನ್ನಿನಿಂದ ತೆಗೆದ ಕೇಸಿನ ಮೇಲೆ, ಕಾವು ನೋಡಲು ಚಿಮುಕಿಸಿದ ನೀರಿನ ಹನಿ ಕುಣಿದು ಹಾರಿತು. ತಣ್ಣನೆಯ ಬೇರಿಂಗ್ ಟಣ್ಣೆಂದು ಒಳಗೆ ಬಿತ್ತು. ಆರಿದ ಮೇಲೆ ಲೇತ್‌ನವನು ಕೇಸನ್ನು ತಲೆಕೆಳಗು ಮಾಡಿದ. ಹಿಡಿದುಕೊಳ್ಳಬೇಕಾದ ಬೇರಿಂಗ್ ಜಾರಿ ಅವನ ಅಂಗೈಗೆ ಬಂತು.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

“ಚುಕ್ಕೆ ಹೊಡೀರಿ,” ಎಂದಳು. “ಬೈಕೊಂಡಿದ್ದೆಲ್ಲ ಸಾಕು. ಒಂದು ದಿನ ಓಡಿದ್ರೆ ಸಾಲದೇನ್ರೀ ನಿಮಗೆ?”

ಮೇಸ್ತ್ರಿ ಅವಳನ್ನು ನೋಡಿದ, ಕುಳಿಯನ್ನು ನೋಡಿದ. ಸುತ್ತಿಗೆಗೆ ಕೈ ಹಾಕಿದ, ಎತ್ತಲಾಗಲಿಲ್ಲ. ಅದನ್ನು ಲೇತ್‌ನವನ ಕಡೆ ತಳ್ಳಿದ. ಲೇತ್‌ನವನಿಗೆ ಮನಸ್ಸಿರಲಿಲ್ಲ, ಆದರೂ ಪಂಚ್ ಕೈಗೆತ್ತಿಕೊಂಡ. ಹಗುರವಾಗಿ, ಹಳೆಯ ಚುಕ್ಕೆಗಳ ನಡುವಿನ ಜಾಗ ನೋಡಿ ನೋಡಿ ಹೊಡೆದ. ಆರನೆಯ ಏಟಿಗೆ ಕುಳಿಯ ಅಂಚಿನಿಂದ ಬೋಲ್ಟಿನ ತೂತಿನವರೆಗೆ ಕೂದಲೆಳೆಯಷ್ಟು ಬಿರುಕು ಓಡಿತು.

ಲೇತ್‌ನವನು ಏನೇನೋ ಹೇಳತೊಡಗಿದ. ವೆಲ್ಡಿಂಗ್ ಮಾಡಿಸಬಹುದು, ಹೊಸದಾಗಿ ಕೊರೆಯಬಹುದು, ಹೆಚ್ಚೆಂದರೆ ಒಂದು ತಿಂಗಳು.

“ತಿಂಗಳನ್ನ ಎಲ್ಲಿಂದ ತರ್ತೀಯೋ?” ಎಂದ ಮೇಸ್ತ್ರಿ. ಉಸಿರು ಕೂಡಿಸಿಕೊಂಡು ಮತ್ತೆ ಹೇಳಿದ, “ನೀನಲ್ಲ ಒಡೆದಿದ್ದು. ನಾನು ಅವತ್ತೇ ಒಡೆದಿಟ್ಟಿದ್ದೆ. ಇವತ್ತು ಕಾಣಿಸ್ತು, ಅಷ್ಟೆ.”

ಲೇತ್‌ನವನಿಗೆ ಇವತ್ತಿಗೂ ಆ ಮಾತನ್ನು ನಂಬಲು ಆಗಿಲ್ಲ. ಸುತ್ತಿಗೆ ಇದ್ದುದು ಅವನ ಕೈಯಲ್ಲಿ.

ಮೇಸ್ತ್ರಿ ಓವನ್ ಆರಿಸಲು ಹೇಳಿದ, ಕರೆಂಟು ದಂಡ ಎಂದು. ಆಮೇಲೆ ಕೇಸಿನ ಬಲಭಾಗವನ್ನು ತೊಡೆಯ ಮೇಲೆ ಇರಿಸಿಕೊಂಡು ಅದರ ಬೇರಿಂಗನ್ನು ಬೆರಳಿನಿಂದ ತಿರುಗಿಸಿದ. ಸರಿಯಾಗಿ ಕೂತ ಬೇರಿಂಗ್ ಸದ್ದು ಮಾಡುವುದಿಲ್ಲ. ಊಟಕ್ಕೆ ಕರೆಯುವವರೆಗೂ ಅವನು ಅದನ್ನು ತಿರುಗಿಸುತ್ತಲೇ ಕೂತಿದ್ದ.