ಇಲ್ಲ ಅನ್ನುವ ಪುಟ

ನಮ್ಮ ಮನೆಯಲ್ಲಿ ಅಕ್ಕಿ ಯಾವತ್ತೂ ಮುಗಿಯುತ್ತಿರಲಿಲ್ಲ. ಡಬ್ಬದ ತಳ ಕಾಣುತ್ತಿದ್ದರೂ ಅಮ್ಮ "ಅಕ್ಕಿ ತುಂಬಿದೆ, ತರ್ಬೇಕು" ಅನ್ನುತ್ತಿದ್ದಳು. ಬಳೆ ಒಡೆಯುತ್ತಿರಲಿಲ್ಲ, ಹೆಚ್ಚುತ್ತಿತ್ತು. ದೀಪ ಆರುತ್ತಿರಲಿಲ್ಲ, ದೊಡ್ಡದಾಗುತ್ತಿತ್ತು. ಹೊರಟವರು ಹೋಗುತ್ತೇನೆ ಅನ್ನುವಂತಿಲ್ಲ, ಹೋಗಿ ಬರುತ್ತೇನೆ ಅನ್ನಬೇಕು. ಸಾವಾದ ಮನೆಯಿಂದ, ತಿಥಿಯ ಊಟ ಮುಗಿಸಿ ಹೊರಡುವಾಗ ಮಾತ್ರ ಅದನ್ನೂ ಅನ್ನಬಾರದು. ಬಾಯಿ ಮುಚ್ಚಿಕೊಂಡು ಚಪ್ಪಲಿ ಮೆಟ್ಟಿ ನಡೆಯಬೇಕು. ಮದ್ರಾಸಿಗೆ ಬಂದು ಮೂರು ತಲೆಮಾರಾಗಿ ನಮ್ಮ ಕನ್ನಡದ ಅರ್ಧಕ್ಕೆ ತಮಿಳು ಬಂದು ಕೂತಿದ್ದರೂ ಈ ಕಟ್ಟಳೆಯನ್ನು ನಾವು ಬಿಟ್ಟವರಲ್ಲ. ಕೆಟ್ಟ ಸುದ್ದಿಯನ್ನು ಯಾವ ಮಾತಿನಲ್ಲಿ ಹೇಳಬೇಕು ಅನ್ನುವುದನ್ನು ನಾನು ಕಂಪ್ಯೂಟರ್ ಕಲಿಯುವುದಕ್ಕೆ ಎಷ್ಟೋ ಮೊದಲು ಅಡುಗೆಮನೆಯಲ್ಲಿ ಕಲಿತಿದ್ದೆ.

ವಿಮಾ ಕಚೇರಿಯ ಕಂಪ್ಯೂಟರ್ ವಿಭಾಗದಿಂದ ನಿವೃತ್ತಳಾದ ಮೇಲೆ ಟಿ. ನಗರದ ನಮ್ಮ ಭವನದವರು ನನ್ನನ್ನು ಹಿಡಿದುಕೊಂಡರು. ಒಡವೆ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿರುವ ಹಳೆಯ ಕಟ್ಟಡ ಅದು. ಫ್ಲಾಟುಗಳಲ್ಲಿ ಹೊಗೆ ಎಬ್ಬಿಸುವ ಹಾಗಿಲ್ಲ, ಮಡಿಗೆ ಜಾಗವಿಲ್ಲ, ಆದ್ದರಿಂದ ಊರಿನ ಕನ್ನಡದ ವೈಷ್ಣವ ಮನೆತನಗಳು ಹಿರಿಯರ ತಿಥಿಯನ್ನು ಅಲ್ಲೇ ಮಾಡಿಸುತ್ತವೆ. ಅಡುಗೆ, ಆಚಾರ್ಯರು, ಎಳ್ಳು, ದರ್ಭೆ ಎಲ್ಲ ಅವರದೇ. ದಿನ ಗೊತ್ತುಮಾಡಲು ಒಂದು ವೆಬ್‌ಸೈಟ್ ಮಾಡಿಸಿದ್ದರು. "ಮನೇಲಿ ಸುಮ್ನೆ ಇರ್ತೀಯಲ್ಲಮ್ಮಾ, ಸ್ವಲ್ಪ ನೋಡ್ಕೋ" ಅಂದರು ಕಾರ್ಯದರ್ಶಿ. ಅವರು ಬ್ಯಾಂಕಿನಿಂದ ನಿವೃತ್ತರಾದವರು, ನನಗೆ ದೂರದ ನೆಂಟರು, ಎಲ್ಲರೂ ಅವರನ್ನು ಮಾಮಾ ಅನ್ನುವುದು. ಮನೆಯಲ್ಲಿ ಸುಮ್ಮನಿರುವ ಹೆಂಗಸು ಅಂತ ಒಬ್ಬಳಿದ್ದಾಳೆ ಎಂದು ನಂಬಿರುವ ಗಂಡಸರಲ್ಲಿ ಅವರೂ ಒಬ್ಬರು.

ನಾನು ಒಪ್ಪಿದ ಕೆಲವೇ ದಿನಗಳಲ್ಲಿ ತಿರುವೊಟ್ಟಿಯೂರಿನಿಂದ ಒಬ್ಬ ಮುದುಕರು ಬಂದರು. ಅಲ್ಲಿನ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು, ಗಂಡು ಮಕ್ಕಳಿಲ್ಲ, ಪ್ರತಿ ತಿಂಗಳ ಮಾಸಿಕ ಶ್ರಾದ್ಧವನ್ನು ತಾವೇ ಮಾಡುವವರಿದ್ದರು. ಬಿಸಿಲಲ್ಲಿ ಬಸ್ಸು ಬದಲಾಯಿಸಿಕೊಂಡು ಬಂದು ನನ್ನ ಮುಂದೆ ಫೋನು ಹಿಡಿದರು. ಅವರು ದಿನ ಗೊತ್ತುಮಾಡಿದ್ದಕ್ಕೆ ನಮ್ಮ ಸೈಟು ತೋರಿಸಿದ ಪುಟ ಅದರಲ್ಲಿತ್ತು: ಬಣ್ಣದ ಕಾಗದದ ಚೂರುಗಳು ಹಾರುತ್ತಿವೆ, ನಡುವೆ ದಪ್ಪ ಇಂಗ್ಲಿಷಿನಲ್ಲಿ ಅಭಿನಂದನೆ, ಕೆಳಗೆ 'ಬೇಗ ಮತ್ತೆ ಬನ್ನಿ'. ಸೈಟು ಮಾಡಿದ ಕಂಪನಿ ಮದುವೆ ಮಂಟಪಕ್ಕೂ ಹೋಟೆಲಿಗೂ ಹಾಕುವ ಪುಟವನ್ನೇ ನಮಗೂ ಹಾಕಿತ್ತು.

"ಬೇಗ ಮತ್ತೆ ಬರ್ಬೇಕಂದ್ರೆ ಯಾರನ್ನಮ್ಮಾ ಕಳ್ಕೊಳ್ಲಿ ನಾನು?" ಎಂದು ಕೇಳಿದರು. ಸಿಟ್ಟಿರಲಿಲ್ಲ ಅವರ ದನಿಯಲ್ಲಿ. ಸಿಟ್ಟು ಬಂದದ್ದು ನನಗೆ.

ಅವತ್ತೇ ಮನೆಗೆ ಹೋಗಿ ಕೂತೆ. ಸರ್ವರಿನ ಕೆಲಸದಲ್ಲಿ ಇದೇನೂ ದೊಡ್ಡ ವಿದ್ಯೆಯಲ್ಲ. ಕೆಲಸ ಆದಾಗ ತೋರಿಸಲು ಒಂದು ಪುಟ ಇರುತ್ತದೆ. ಕೆಲಸ ಕೆಟ್ಟಾಗ, ಯಾವ ರೀತಿ ಕೆಟ್ಟಿತು ಅನ್ನುವುದಕ್ಕೆ ಒಂದೊಂದು ಸಂಖ್ಯೆ ಇರುತ್ತದೆ. ಪುಟ ಸಿಗದಿದ್ದರೆ ನಾನೂರ ನಾಲ್ಕು, ನಿನಗೆ ಪ್ರವೇಶವಿಲ್ಲ ಅನ್ನಲು ನಾನೂರ ಮೂರು. ನೀವು ಏನೂ ಮಾಡದಿದ್ದರೆ ಸರ್ವರು ತನ್ನ ಒರಟು ಇಂಗ್ಲಿಷಿನಲ್ಲಿ ಏನೋ ಒದರುತ್ತದೆ. ನಮ್ಮದೇ ಪುಟ ಬರೆದಿಟ್ಟು, ಈ ಸಂಖ್ಯೆ ಬಂದರೆ ಇದನ್ನು ತೋರಿಸು ಎಂದು ಒಂದು ಸಾಲು ಸೇರಿಸಿದರೆ ಅದು ವಿಧೇಯವಾಗಿ ಅದನ್ನೇ ತೋರಿಸುತ್ತದೆ. ಕಾಗದದ ಚೂರುಗಳನ್ನೆಲ್ಲ ಗುಡಿಸಿ ಹಾಕಿದೆ. ಕನ್ನಡದಲ್ಲಿ ಬರೆದೆ: 'ನಿಮ್ಮವರ ದಿನ ನಮ್ಮ ನೆನಪಿನಲ್ಲಿದೆ. ನೀವು ಸ್ನಾನ ಮಾಡಿ ಬನ್ನಿ, ಮಿಕ್ಕದ್ದನ್ನು ನಾವು ನೋಡಿಕೊಳ್ಳುತ್ತೇವೆ.' ಅದರ ಕೆಳಗೆ ತಮಿಳು, ಅದರ ಕೆಳಗೆ ಇಂಗ್ಲಿಷು. ಮತ್ತೆ ಬನ್ನಿ ಅನ್ನುವುದನ್ನು ಎಲ್ಲೂ ಉಳಿಸಲಿಲ್ಲ.

ಮಾಮಾಗೆ ಇದು ಸರಿಬರಲಿಲ್ಲ. "ನಮ್ಮ ಮಕ್ಕಳಲ್ಲಿ ಕನ್ನಡ ಓದೋರು ಯಾರಮ್ಮಾ ಇದ್ದಾರೆ? ಇಂಗ್ಲಿಷೊಂದೇ ಇದ್ರೆ ಸಾಕಾಗಿತ್ತು. ಇದೆಲ್ಲಾ ವೀಣ್ ವೇಲೆ."

"ಓದಕ್ಕೆ ಬರ್ದೋರು ಬರೋರ ಕೈಲಿ ಓದಿಸ್ಕೋತಾರೆ, ಮಾಮಾ. ಅಲ್ಲಿ ಇಲ್ವೇ ಇಲ್ಲ ಅಂದ್ರೆ ಏನನ್ನ ಓದಿಸ್ಕೋತಾರೆ?" ಎಂದೆ. ಅವರು ಪಂಚಾಂಗ ತಿರುವಿಹಾಕುತ್ತಾ ಕೂತರು. ವ್ಯರ್ಥ ಕೆಲಸವೋ ಅಲ್ಲವೋ, ಪುಟ ಉಳಿಯಿತು.

ಮುದುಕರು ಪ್ರತಿ ಮಾಸಿಕಕ್ಕೂ ಬರುತ್ತಿದ್ದರು. ಹೊಸ ಪುಟವನ್ನು ನೋಡಿ "ಈಗ ಮನುಷ್ಯರು ಬರೆದ ಹಾಗಿದೆ" ಅಂದರು. ಅಣ್ಣಾ ನಗರ್‌ನಲ್ಲಿ ಮಗಳಿದ್ದಾಳೆ, ಅವಳಿಗೆ ಕನ್ನಡ ಮಾತು ತಿಳಿಯುತ್ತದೆ, ಅಕ್ಷರ ತಿಳಿಯದು, ಪುಟವನ್ನು ಫೋನಿನಲ್ಲಿ ತಾವೇ ಓದಿ ಹೇಳಿದ್ದಾಗಿ ತಿಳಿಸಿದರು. ಮರುವರ್ಷ ಅವರೂ ಹೋಗಿಬಿಟ್ಟರು. ದೂರದ ದಾಯಾದಿಯೊಬ್ಬ ಬಂದು ಅವರ ಕರ್ಮಾಂತರ ಮುಗಿಸಿ ಕೈತೊಳೆದುಕೊಂಡನಂತೆ. ವರ್ಷದ ತಿಥಿ ಹತ್ತಿರ ಬಂದಾಗ ತನಗೆ ರಜೆ ಇಲ್ಲ ಅಂದುಬಿಟ್ಟ.

ಇದೆಲ್ಲ ನನಗೆ ತಿಳಿದದ್ದು ಆ ಮಗಳ ಮೇಲ್‌ನಿಂದ. ಸೈಟಿಗೆ ಬರುವ ಮೇಲ್‌ಗಳನ್ನು ನೋಡುವವಳು ನಾನೇ. ಅಪ್ಪನ ತಿಥಿಯನ್ನು ತಾನೇ ಮಾಡುತ್ತೇನೆಂದು ಅವಳು ದಿನ ಗೊತ್ತುಮಾಡಲು ಹೋಗಿದ್ದಾಳೆ. ತೀರಿಕೊಂಡವರಿಗೂ ನಿಮಗೂ ಏನು ಸಂಬಂಧ ಎಂಬ ಕಡೆ ಮಗಳು ಎಂದು ತುಂಬಿದ್ದಾಳೆ. ಸೈಟು ಮಾಡಿದ ಕಂಪನಿಯವರು ಭವನದ ಸಮಿತಿಯ ಮಾತು ಕೇಳಿ ಆ ಜಾಗದಲ್ಲಿ ಮಗ, ಗಂಡ, ತಮ್ಮ, ಮೊಮ್ಮಗ ಇಷ್ಟಕ್ಕೆ ಮಾತ್ರ ಬಾಗಿಲು ತೆರೆಯುವ ಹಾಗೆ ಮಾಡಿದ್ದರು. ಉಳಿದವರಿಗೆ ನಾನೂರ ಮೂರು. ಅವಳಿಗೆ ಬಂದದ್ದು ಅದೇ: ನಿನಗೆ ಅನುಮತಿಯಿಲ್ಲ. ಪಾಪ, ಅವಳು ಬರೆದಿದ್ದಳು: ನಿಮ್ಮ ಸರ್ವರ್ ಏನೋ ಕೆಟ್ಟಿರುವ ಹಾಗಿದೆ, ದಯವಿಟ್ಟು ಸರಿಮಾಡುತ್ತೀರಾ, ತಿಥಿ ಹತ್ತಿರ ಬಂತು. ಯಂತ್ರದ ತಪ್ಪೆಂದೇ ತಿಳಿದುಕೊಂಡಿದ್ದಳು ಹುಡುಗಿ.

ನಾನು ಅದನ್ನು ಮಾಮಾಗೆ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ಆಗಲ್ಲಮ್ಮಾ. ಇವತ್ತು ಇವಳು, ನಾಳೆ ಇನ್ನೊಬ್ಳು. ಆದ್ರೆ ಆ ಇಂಗ್ಲಿಷ್ ಪುಟ ತುಂಬಾ ಒರಟಾಗಿದೆ. ನೀನು ಚೆನ್ನಾಗಿ ಬರೀತೀಯಲ್ಲ, ಮನಸ್ಸಿಗೆ ನೋವಾಗ್ದೇ ಇರೋ ಹಾಗೆ ಎರಡು ಸಾಲು ಬರೆದ್ಬಿಡು. ಇಲ್ಲ ಅಂತ ನೇರವಾಗಿ ಬೇಡ."

"ಅಕ್ಕಿ ತುಂಬಿದೆ ಅಂತ ಬರೀಲಾ?" ಎಂದೆ.

"ಹಾಂ, ಆ ಥರ" ಅಂದರು. ವ್ಯಂಗ್ಯವನ್ನು ಕೇಳಿಸಿಕೊಂಡರೂ ಕೇಳಿಸದವರ ಹಾಗೆ ಇರುವುದು ಬ್ಯಾಂಕಿನ ಅಭ್ಯಾಸ.

ನನ್ನ ಮೈ ಉರಿದುಹೋಯಿತು. ಅಮ್ಮ ಅಕ್ಕಿ ತುಂಬಿದೆ ಅಂದ ಮೇಲೆ ಯಾರಾದರೊಬ್ಬರು ಚೀಲ ಹಿಡಿದು ಅಂಗಡಿಗೆ ಓಡುತ್ತಿದ್ದರು, ಮಧ್ಯಾಹ್ನಕ್ಕೆ ಎಲ್ಲರ ಎಲೆಗೂ ಅನ್ನ ಬೀಳುತ್ತಿತ್ತು. ಆ ಮಾತು ಮೃದುವಾಗಿದ್ದದ್ದು ಕೆಲಸ ಆಗಲಿ ಅಂತ. ಇವರಿಗೆ ಬೇಕಾದದ್ದು ಬರಿಯ ಡಬ್ಬ, ಅದರ ಮೇಲೊಂದು ಸಿಹಿ ಮಾತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆ ಹುಡುಗಿ ತನ್ನ ಫ್ಲಾಟಿನಲ್ಲಿ ಒಬ್ಬಳೇ ಕೂತು, ನನ್ನ ಬೆಣ್ಣೆಯಂಥ ಕನ್ನಡ ನೋಡಿ, ಕಂಪ್ಯೂಟರ್ ಮುಚ್ಚಿ ಸುಮ್ಮನಾಗಬೇಕು, ಇವರು ಇಲ್ಲಿ ಹಾಯಾಗಿ ಕಾಫಿ ಕುಡಿಯಬೇಕು. ಅದಕ್ಕೆ ನನ್ನ ಅಮ್ಮನ ಮಾತೇ ಬೇಕಾಯಿತೇ ಇವರಿಗೆ?

"ಬರೀತೀನಿ ಮಾಮಾ" ಎಂದೆ.

ಬರೆದೆ. ನಾನೂರ ಮೂರಕ್ಕೆ ನನ್ನ ಹೊಸ ಪುಟ ಹೀಗಿತ್ತು, ಮೂರು ಭಾಷೆಯಲ್ಲೂ: 'ಇದು ಯಂತ್ರದ ತಪ್ಪಲ್ಲ. ನಿಮ್ಮ ತಪ್ಪೂ ಅಲ್ಲ. ನೀವು ಕೇಳಿದ್ದನ್ನು ಭವನದ ಸಮಿತಿ ಬೇಡವೆಂದಿದೆ. ಕಾರಣವನ್ನು ಕಾರ್ಯದರ್ಶಿಗಳು ಎದುರಿಗೇ ಹೇಳುತ್ತಾರೆ. ಬೆಳಗ್ಗೆ ಭವನಕ್ಕೆ ಬನ್ನಿ.' ಹುಡುಗಿಗೆ, ಇನ್ನೊಮ್ಮೆ ಪ್ರಯತ್ನಿಸಿ ನೋಡಮ್ಮಾ ಎಂದು ಉತ್ತರ ಹಾಕಿದೆ.

ಮರುದಿನ ಬೆಳಗ್ಗೆ ಅವಳು ಬಂದಳು. ಆಫೀಸಿಗೆ ಹೋಗುವ ಉಡುಪು, ಬೆನ್ನಿಗೆ ಚೀಲ, ಅಪ್ಪನದೇ ಮೂಗು. ಪುಟದಲ್ಲಿ ನಾನು ಏನು ಬರೆದಿದ್ದೇನೆಂದು ಮಾಮಾಗೆ ಗೊತ್ತಿರಲಿಲ್ಲ. ಬಾಗಿಲಲ್ಲಿ ಮನುಷ್ಯರು ಕಂಡರೆ ನಮ್ಮವರು ಏನು ಮಾಡುತ್ತಾರೋ ಅದನ್ನೇ ಮಾಡಿದರು: "ಬಾಮ್ಮಾ, ಕೂತ್ಕೋ, ಕಾಫಿ ಕುಡೀತೀಯಾ?" ಅಡುಗೆಮನೆಯಿಂದ ಕಾಫಿಯೂ ಬಂತು. ಅವಳು ಲೋಟ ಕೈಯಲ್ಲಿ ಹಿಡಿದು ಫೋನು ತೋರಿಸಿದಳು.

"ಅಂಕಲ್, ಕಾರಣ ನೀವು ನೇರಾ ಹೇಳ್ತೀರಂತೆ. ಅದಕ್ಕೇ ಬಂದೆ."

ಮಾಮಾ ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. ನಮ್ಮಲ್ಲಿ ಬೆನ್ನ ಹಿಂದೆ ಯಾರಿಗೆ ಏನನ್ನು ಬೇಕಾದರೂ ಇಲ್ಲ ಅನ್ನುವ ಗಂಡಸರು, ತಾವೇ ಕಾಫಿ ಕೊಟ್ಟು ಕೂರಿಸಿದವರ ಮುಖ ನೋಡಿ ಇಲ್ಲ ಅನ್ನಲಾರರು. ನನ್ನ ಆಯುಷ್ಯವೆಲ್ಲ ಕಂಡ ಸಂಗತಿ ಇದು, ಅದನ್ನೇ ನಂಬಿ ಆ ಪುಟ ಬರೆದಿದ್ದೆ.

"ಏನಿಲ್ಲಮ್ಮಾ, ಶಾಸ್ತ್ರ ಅಂತ ಒಂದಿದೆ. ಆಚಾರ್ಯರು ಒಪ್ಪಲ್ಲ" ಎಂದರು ಕೊನೆಗೆ.

"ನಮ್ಮಪ್ಪಂಗೆ ಬೇರೆ ಯಾರೂ ಇಲ್ಲ ಅಂಕಲ್. ನಾನ್ ಮಾಡ್ಲಿಲ್ಲ ಅಂದ್ರೆ ಅವತ್ತು ಅವ್ರ ಹೆಸರು ಯಾರೂ ಹೇಳಲ್ಲ. ಅದು ಮಟ್ಟುಂ, ಅದೊಂದು ಮಾತ್ರ, ಶಾಸ್ತ್ರಕ್ಕೆ ಓಕೆಯಾ?" ಅವಳು ಲೋಟ ಕೆಳಗಿಟ್ಟಳು. ಕಣ್ಣು ತಗ್ಗಿಸಲಿಲ್ಲ.

ಒಳಗೆ ದರ್ಭೆ ಕಟ್ಟುತ್ತಿದ್ದ ಆಚಾರ್ಯರು ಬಾಗಿಲಿಗೆ ಬಂದು ನಿಂತಿದ್ದರು. "ನಾನು ಒಪ್ಪಲ್ಲ ಅಂತ ನಿಮಗ್ಯಾರು ಹೇಳಿದ್ರು ಸ್ವಾಮೀ? ನನ್ನ ಯಾರೂ ಕೇಳ್ಲೇ ಇಲ್ವಲ್ಲ" ಅಂದರು. "ಬೇರೆಯವ್ರು ಒಪ್ದೇ ಇರಬಹುದು, ಅವ್ರವ್ರ ಇಷ್ಟ. ಮಂತ್ರ ನಾನು ಹೇಳ್ತೀನಿ, ಪಿಂಡ ಇವಳೇ ಇಡ್ಲಿ."

ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ನಮ್ಮಲ್ಲಿ ಪೂಜಾರಿಯೂ ಕೊಡಲು ತಯಾರಿದ್ದ, ಕೊಡದೆ ಕೂತಿದ್ದದ್ದು ಸಮಿತಿ. ಇಷ್ಟು ವರ್ಷ ಆಚಾರ್ಯರ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ವಾಪಸು ಕಳಿಸಿದವರಿಗೆ, ಒಳಗೆ ಹೋಗಿ ಅವರನ್ನೊಂದು ಮಾತು ಕೇಳಬೇಕು ಅನ್ನಿಸಿರಲಿಲ್ಲ. ಮಾಮಾ ಪಂಚಾಂಗ ಎಳೆದುಕೊಂಡರು. ಆಮೇಲೆ ನನ್ನ ಕಡೆ ತಿರುಗದೆಯೇ, "ದಿನ ಹಾಕ್ಕೊಡಮ್ಮಾ" ಅಂದರು.

ಅಲ್ಲೇ ಕೂತು ಸೈಟಿನ ಬಾಗಿಲು ತೆರೆಯುವ ಸಂಬಂಧಗಳ ಪಟ್ಟಿಗೆ ಮಗಳನ್ನೂ ಸೇರಿಸಿದೆ. ಅವಳು ತನ್ನ ಫೋನಿನಲ್ಲಿ ಮತ್ತೆ ತುಂಬಿದಳು. ಪುಟ ಬಂತು. ಕೆಳಗೆ ಇಂಗ್ಲಿಷ್ ಇದ್ದರೂ ಅವಳು ಫೋನನ್ನು ನನ್ನ ಕಡೆ ನೀಡಿದಳು.

"ಮೇಲಿರೋದು ಓದಿ ಆಂಟಿ. ಅಮ್ಮಂದು ಅಪ್ಪ ಓದಿ ಹೇಳಿದ್ರು."

ಓದಿದೆ. ನಿಮ್ಮವರ ದಿನ ನಮ್ಮ ನೆನಪಿನಲ್ಲಿದೆ ಎಂದು ಮೊದಲ ಸಾಲು ಮುಗಿಸಿದೆ. ಎರಡನೆಯ ಸಾಲನ್ನು ಅವಳೇ ಬಾಯಿಪಾಠವಾಗಿ ಹೇಳಿದಳು.

ತಿಥಿಯ ದಿನ ಅವಳು ಹತ್ತಿ ಸೀರೆ ಉಟ್ಟು, ಒದ್ದೆ ಕೂದಲಿನಲ್ಲಿ, ಆಚಾರ್ಯರು ಹೇಳಿದ್ದನ್ನು ತಡವರಿಸುತ್ತಾ ಹೇಳಿದಳು. ಅಪ್ಪನ ಹೆಸರನ್ನು ಮಾತ್ರ ತಡವರಿಸಲಿಲ್ಲ. ಊಟ ಮುಗಿಸಿ ಚಪ್ಪಲಿ ಮೆಟ್ಟಿಕೊಂಡು, "ಹೋಗಿ ಬರ್ತೀನಿ ಅಂಕಲ್" ಅಂದಳು. ಬಡಿಸುವವರ ಕೈ ನಿಂತಿತು.

"ಇಲ್ಲಿಂದ ಹೊರಡೋವಾಗ ಹಾಗನ್ಬಾರ್ದಮ್ಮಾ" ಅಂದರು ಮಾಮಾ ಮೆಲ್ಲಗೆ.

"ಯಾಕೆ ಅಂಕಲ್? ಮುಂದಿನ ವರ್ಷ ಅಪ್ಪಂಗೆ ಯಾರು ಬರ್ತಾರೆ? ನಾನೇ ತಾನೆ?"

ಮಾಮಾ ಹೆಗಲ ಮೇಲಿನ ಟವೆಲ್‌ನಿಂದ ಮುಖ ಒರೆಸಿಕೊಂಡರು. "ಹೋಗಿ ಬಾಮ್ಮಾ" ಅಂದರು.

ಆ ಸಂಜೆ ಯಾರ ಅಪ್ಪಣೆಯನ್ನೂ ಕೇಳದೆ, ಸಂಬಂಧ ನೋಡಿ ಬಾಗಿಲು ಹಾಕುವ ತಡೆಯನ್ನೇ ತೆಗೆದು, ಇಲ್ಲ ಅನ್ನುವ ಆ ಪುಟವನ್ನು ಸರ್ವರಿನಿಂದ ಅಳಿಸಿದೆ. ಸಮಿತಿ ಇವತ್ತಿನವರೆಗೂ ಅದರ ಬಗ್ಗೆ ಏನೂ ತೀರ್ಮಾನ ಮಾಡಿಲ್ಲ, ಮಾಡಿದರೂ ಮತ್ತೆ ಬರೆಯುವವಳು ನಾನಲ್ಲ. ಹಳೆಯ ಕೊಂಡಿ ಹಿಡಿದು ಯಾರಾದರೂ ಅದನ್ನು ಹುಡುಕಿಕೊಂಡು ಹೋದರೆ ಈಗ ನಾನೂರ ನಾಲ್ಕು ಬರುತ್ತದೆ. ಅದನ್ನೂ ನಾನೇ ಬರೆದಿದ್ದೇನೆ: 'ಆ ಪುಟ ಈಗ ಇಲ್ಲ. ಒಳಗೆ ಬನ್ನಿ.'