ಚೌಡವ್ವನ ನಾಲಿಗೆ

ಆ ಪುಸ್ತಕ ನಮ್ಮ ಮನೆಯ ಅಟ್ಟದ ಮೇಲೆ ಬಿದ್ದಿದೆ. ನುಣುಪು ಕಾಗದ, ಪುಟಪುಟಕ್ಕೂ ಬಣ್ಣದ ನಕ್ಷೆ. ಹರಿಹರದಲ್ಲಿ ತಯಾರಾದ ಒಂದು ಹಿತ್ತಾಳೆಯ ನಳಿಕೆ ಜರ್ಮನಿಯ ಕಾಫಿ ಯಂತ್ರ ಸೇರುವ ಹೊತ್ತಿಗೆ ಯಾವ ದೇಶದಲ್ಲಿ, ಯಾವ ಹಂತದಲ್ಲಿ ಅದರ ಮೌಲ್ಯ ಎಷ್ಟು ಏರಿತು ಎಂದು ಮೂವತ್ತೆರಡನೆಯ ಪುಟದಲ್ಲಿ ಪಟ್ಟಿ ಕೊಟ್ಟಿದ್ದಾರೆ. ಜಾಗತಿಕ ಮೌಲ್ಯ ಸರಪಳಿಯನ್ನು ಅಳೆಯುವುದು ಎಂದರೆ ಇದೇ. ಅಳೆದವರಲ್ಲಿ ನಾನೂ ಒಬ್ಬ. ಆ ಪುಟದಲ್ಲಿ ಚೌಡವ್ವ ಇಲ್ಲ.

ಆವರಗೆರೆಯಲ್ಲಿ ನಮ್ಮ ಮನೆಯಿಂದ ನಾಲ್ಕನೆಯದು ಚೌಡವ್ವನ ಮನೆ. ತವರು ಆನಗೋಡು. ಗಂಡ ಗೋಣೆಪ್ಪ ದಾವಣಗೆರೆಯ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಿದ್ದ. ಅವನ ಸೊಂಟ ಬಿದ್ದು ಮನೆ ಹಿಡಿದ ವರ್ಷ ಆಕೆ ಲೋಹ ಉಜ್ಜುವ ಅರ ಹಿಡಿದಳು. ಅದಕ್ಕೀಗ ಹತ್ತೊಂಬತ್ತು ವರ್ಷ. ವಾರಕ್ಕೆರಡು ಸಲ ಹರಿಹರದ ವರ್ಕ್‌ಶಾಪಿನಿಂದ ಲಗೇಜ್ ಆಟೋ ಬಂದು ಅವಳ ಜಗಲಿಗೆ ಕ್ರೇಟುಗಳನ್ನು ಇಳಿಸುತ್ತದೆ. ಒಳಗೆ ಕಿರುಬೆರಳಿನಷ್ಟು ಉದ್ದದ ನಳಿಕೆಗಳು. ಯಂತ್ರ ತೂತು ಕೊರೆದಾಗ ಅಂಚಿನಲ್ಲಿ ಕೂದಲಿಗಿಂತ ಸಣ್ಣ ಲೋಹದ ಮುಳ್ಳು ಉಳಿಯುತ್ತದೆ. ಅದನ್ನು ತೆಳ್ಳನೆಯ ಅರದಿಂದ ಉಜ್ಜಿ ತೆಗೆಯುವುದೇ ಕೆಲಸ.

ಮುಳ್ಳು ಹೋಯಿತೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ, ಮುಟ್ಟಿಯೇ ನೋಡಬೇಕು. ಚೌಡವ್ವನ ಬೆರಳಿನ ಚರ್ಮ ಎಂದೋ ಸತ್ತಿದೆ. ಕಾದ ತವದ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿದರೂ ಅವಳಿಗೆ ಏನೂ ಆಗುವುದಿಲ್ಲ. ಹಾಗಾಗಿ ಅವಳು ನಾಲಿಗೆಯ ಮೊರೆ ಹೋದಳು. ಪ್ರತಿ ನಳಿಕೆಯನ್ನೂ ನಾಲಿಗೆಯ ಎಡ ಅಂಚಿಗೆ ಒತ್ತಿ ಒಂದು ಸುತ್ತು ತಿರುಗಿಸುತ್ತಾಳೆ. ಚುಚ್ಚಿದರೆ ಮತ್ತೆ ಅರ, ಇಲ್ಲದಿದ್ದರೆ ಸೆರಗಿಗೆ ಒರೆಸಿ ಕ್ರೇಟಿಗೆ. ಎದುರು ಮನೆಯ ರಹಮತ್ ಬೀ ಸೇರಿ ಓಣಿಯ ಹತ್ತು ಹೆಂಗಸರಿಗೆ ಈ ವಿದ್ಯೆ ಕಲಿಸಿದವಳು ಅವಳೇ.

"ಕೈ ಸುಳ್ಳು ಹೇಳ್ತೈತಿ ಮೇಷ್ಟ್ರೇ, ನಾಲಿಗಿ ಹೇಳಂಗಿಲ್ಲ" ಎಂದು ನನಗೆ ಹೇಳಿ ನಗುತ್ತಿದ್ದಳು.

ಅವಳು ಕಲಿಸಿದ ಮೇಲೆ ವಿದೇಶದಿಂದ ಒಂದೇ ಒಂದು ನಳಿಕೆ ವಾಪಸ್ ಬಂದಿಲ್ಲ. ಅಲ್ಲಿನ ಕಂಪನಿ ಪ್ರಶಸ್ತಿಪತ್ರ ಕಳಿಸಿತು. ವರ್ಕ್‌ಶಾಪಿನ ಮಾಲೀಕ ವಿಜಯಕುಮಾರ್ ಅದಕ್ಕೆ ಚೌಕಟ್ಟು ಹಾಕಿಸಿ ತನ್ನ ಕುರ್ಚಿಯ ಹಿಂದೆ ತೂಗುಹಾಕಿಕೊಂಡ.

ಹೋದ ವರ್ಷ ಚೌಡವ್ವನ ನಾಲಿಗೆಯ ಎಡಕ್ಕೆ ಹುಣ್ಣಾಯಿತು. ಮೂರು ತಿಂಗಳಾದರೂ ಮಾಯಲಿಲ್ಲ. ಡಾಕ್ಟರು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಬೇಕು, ತಡ ಮಾಡಬೇಡಿ ಅಂದರು. ಕಾರ್ಮಿಕರ ಇಎಸ್‌ಐ ಕಾರ್ಡ್ ಇದ್ದರೆ ಎಲ್ಲ ಪುಕ್ಕಟೆ. ಕಾರ್ಡ್ ಕೇಳಲು ಹೋದರೆ ವಿಜಯಕುಮಾರ್, "ಯಾರೋ ಸ್ಟಡಿ ಮಾಡೋರು ಬರ್ತಾರೆ. ಅವ್ರು ನಿನ್ನ ಹೆಸ್ರು ಬರ್ಕೊಂಡ್ರೆ ನೋಡೋಣ" ಎಂದು ಸಾಗಹಾಕಿದ.

ಆ ಸ್ಟಡಿಯವನು ನಾನು. ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ ರವಿಚಂದ್ರ, ರಜೆಯಲ್ಲಿ ಇಂಥ ಸರ್ವೆ ಕೆಲಸ ಒಪ್ಪಿಕೊಳ್ಳುವವನು. ಚೌಡವ್ವನಿಗೆ ಎಲ್ಲಿಲ್ಲದ ಖುಷಿಯಾಯಿತು. "ನೀವಾದ್ರೆ ಬಿಡ್ರಿ, ನಮ್ಮೋರೇ" ಅಂದಳು.

ಹರಿಹರಕ್ಕೆ ಹೋಗಿ ವಿಜಯಕುಮಾರ್ ಎದುರು ಫಾರಂ ಬಿಚ್ಚಿದೆ. ನಳಿಕೆಯ ಅಂಚು ನುಣುಪು ಮಾಡುವುದು ಯಾರು ಎಂಬ ಪ್ರಶ್ನೆ ಬಂತು.

"ಮಷಿನ್ ಸಾರ್. ಕೈ ಸೋಕಂಗಿಲ್ಲ" ಎಂದ, ಕಣ್ಣು ಕೂಡ ಮಿಟುಕಿಸದೆ.

ನನಗೆ ಮೈ ಉರಿಯಿತು. ಅವನ ಬೀರುವಿನ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿತ್ತು. ಆಯುಧಪೂಜೆಗೆ ಯಾರ್ಯಾರಿಗೆ ಮಂಡಕ್ಕಿ ಪೊಟ್ಟಣ ಕಳಿಸಬೇಕು ಎಂಬ ಪಟ್ಟಿ. ಲೇಥಿನವರು, ಆಟೋದವನು, ಕೊನೆಗೆ 'ಆವರಗೆರೆ ಅರದವರು' ಎಂದು ಹನ್ನೊಂದು ಹೆಸರು. ಮೊದಲನೆಯದೇ ಚೌಡವ್ವ. ಪೂಜೆ ಮಾಡಿದ ಅರದ ಜೊತೆ ಅರ ಹಿಡಿದವರಿಗೂ ಮಂಡಕ್ಕಿ ಹೋಗಲೇಬೇಕು, ಇಲ್ಲದಿದ್ದರೆ ಕೆಲಸ ಕೈಹತ್ತುವುದಿಲ್ಲ ಎಂದು ಅವನಪ್ಪ ಹಾಕಿಕೊಟ್ಟ ಪದ್ಧತಿ. ಆ ಹೆಂಗಸರು ಈ ಭೂಮಿಯ ಮೇಲೆ ದುಡಿಯುತ್ತಿದ್ದಾರೆ ಎಂಬುದಕ್ಕೆ ಇದ್ದ ಒಂದೇ ದಾಖಲೆ ಅದು.

"ಇವ್ರು ಯಾರ್ರಿ ಹಂಗಾರೆ?" ಎಂದು ದೊಡ್ಡ ವಕೀಲನ ಹಾಗೆ ಬೆರಳಿಟ್ಟು ಕೇಳಿದೆ.

ಅವನು ಪಟ್ಟಿ ನೋಡಿದ, ನನ್ನನ್ನು ನೋಡಿದ. "ಬಡವ್ರು ಸಾರ್. ಹಬ್ಬಕ್ಕೆ ಧರ್ಮ ಮಾಡ್ತೀವಿ." ಆಮೇಲೆ ದನಿ ತಗ್ಗಿಸಿದ. "ಮನಿಗಳಿಗೆ ಕೆಲ್ಸ ಕೊಡ್ತೀವಿ ಅಂತ ಜರ್ಮನಿಯೋರಿಗೆ ಗೊತ್ತಾದ್ರೆ ಆರ್ಡರ್ ಕ್ಯಾನ್ಸಲ್. ನಾಲಿಗಿ ವಿಷ್ಯ ತಿಳಿದ್ರಂತೂ ಮುಗೀತು. ಬರೀರಿ ಬೇಕಾದ್ರೆ. ನಾಳಿಂದ ಆ ಹೆಂಗಸ್ರಿಗೆ ನೀವೇ ಕೆಲ್ಸ ಕೊಡ್ರಿ."

ಹೊರಗೆ ಬಂದು ಬೆಂಗಳೂರಿನ ಮೇಲ್ವಿಚಾರಕಿ ಸುಧಾ ಮೇಡಂಗೆ ಫೋನ್ ಮಾಡಿದೆ. "ಮನೆಯಲ್ಲಿ ಮಾಡೋ ಕೆಲಸಕ್ಕೆ ನಮ್ಮ ಫಾರಂನಲ್ಲಿ ಕೋಡ್ ನಂಬರೇ ಇಲ್ಲ ರವಿಚಂದ್ರ. ಮಾಲೀಕರು ಏನು ಹೇಳಿದರೋ ಅದನ್ನೇ ಹಾಕಿ" ಅಂದರು. ನಾಲಿಗೆಗೆ ಎಲ್ಲಿಂದ ಕೋಡ್ ತರುತ್ತಾರೆ! ನಾನು ಹ್ಞೂಂ ಅಂದೆ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು, ನನ್ನ ಕೈಯಾರೆ, 'ಯಂತ್ರ' ಎಂಬಲ್ಲಿ ಗುರುತು ಹಾಕಿದೆ. ವಿಜಯಕುಮಾರ್ ಮೇಲೆ ಎಷ್ಟು ಉಗಿದರೂ ಒಂದಿಷ್ಟು ನನ್ನ ಮುಖಕ್ಕೂ ಬೀಳುತ್ತದೆ.

ಊರಿಗೆ ಬಂದಾಗ ಚೌಡವ್ವ ಜಗಲಿಯಲ್ಲೇ ಕಾಯುತ್ತಿದ್ದಳು. "ಬರ್ಕೊಂಡ್ರಾ ಮೇಷ್ಟ್ರೇ?"

"ಬರ್ಕೊಂಡೆ ಬಿಡವ್ವ" ಅಂದೆ. ಆ ಕ್ಷಣ ತಪ್ಪಿಸಿಕೊಂಡರೆ ಸಾಕಾಗಿತ್ತು ನನಗೆ.

ಪುಸ್ತಕ ಬಂತು. ಶೂನ್ಯ ದೋಷಕ್ಕೆ ಕಾರಣ ಸುಧಾರಿತ ತಂತ್ರಜ್ಞಾನ, ಉದಯೋನ್ಮುಖ ಆರ್ಥಿಕತೆಗಳಿಗೆ ಇದು ಮಾದರಿ ಎಂದು ಬರೆದಿದ್ದರು. ಥೂ.

ಆಮೇಲೆ ಆಯುಧಪೂಜೆ ಬಂತು. ನಾನು ಬೆರಳಿಟ್ಟು ತೋರಿಸಿದ ಪಟ್ಟಿಯನ್ನು ವಿಜಯಕುಮಾರ್ ಹರಿದು ಹಾಕಿದ್ದ ಎಂದು ಆಟೋದವನಿಂದ ತಿಳಿಯಿತು. ಅದು ಸಾಕ್ಷಿಯಾಗಬಹುದು ಎಂಬುದು ಅವನಿಗೆ ನಾನು ತೋರಿಸುವವರೆಗೂ ಹೊಳೆದಿರಲಿಲ್ಲ. ಹಬ್ಬದ ಮರುದಿನ ಆಟೋ ಎಂದಿನಂತೆ ಕ್ರೇಟು ಇಳಿಸಿ ಹೋಯಿತು. ಮಂಡಕ್ಕಿ ಬರಲಿಲ್ಲ.

ನಾನು ತಲೆ ತಗ್ಗಿಸಿ ದಾಟಿಹೋಗುತ್ತಿದ್ದೆ. ಚೌಡವ್ವನೇ ಕರೆದಳು. ಮಾತು ತೊದಲುತ್ತಿತ್ತು, ಹುಣ್ಣು ದೊಡ್ಡದಾಗಿತ್ತು.

"ಮೇಷ್ಟ್ರೇ, ಹತ್ತೊಂಬತ್ತು ವರ್ಷದಾಗ ಮಂಡಕ್ಕಿ ತಪ್ಪಿರ್ಲಿಲ್ಲ. ಕಾರ್ಡೂ ಇಲ್ಲ ಅಂದ್ರು. ನೀವಂತೂ ಹೆಸ್ರು ಬರ್ದೀರಿ. ಹಂಗಾರೆ ತಪ್ಪು ನಂದೇ. ಎಲ್ಲೋ ಮುಳ್ಳು ಬಿಟ್ಟಿರ್ಬೇಕು ನಾನು."

"ನಿಂದೇನೂ ತಪ್ಪಿಲ್ಲ ಬಿಡವ್ವ" ಅಂದೆ. ತಪ್ಪು ಯಾರದು ಎಂದು ಹೇಳಲಿಲ್ಲ.

ಅವಳು ಹೊಸ ಕ್ರೇಟನ್ನು ಹತ್ತಿರ ಎಳೆದುಕೊಂಡು ಒಂದು ನಳಿಕೆ ಎತ್ತಿದಳು. "ಎಡಕ್ಕೆ ಹುಣ್ಣಲ್ರಿ, ಗೊತ್ತಾಗಿರಾಕಿಲ್ಲ. ಇನ್ಮ್ಯಾಲೆ ಬಲಕ್ಕೆ ಇಟ್ಟು ನೋಡ್ತೀನಿ" ಎಂದು ನಾಲಿಗೆ ಹೊರಳಿಸಿ, ನಳಿಕೆಯನ್ನು ಬಲ ಅಂಚಿಗೆ ಒತ್ತಿ ತಿರುಗಿಸಿದಳು.